ಮನೆಗೆ ಎರಡು ರೂಪಾಯಿ: ಸರಕಾರದ ಆಚೆಗಿನ ಕಲಾಸಂಘಗಳು



ಇಂದು ನಾನು ಆರಿಸಿಕೊಂಡಿರುವ ವಿಷಯ ನನ್ನ ಬಾಯಲ್ಲಿ ಸ್ವಲ್ಪ ವಿಚಿತ್ರವಾಗಿ ಕೇಳಿಸೀತು. ನಾನು ಸಾರ್ವಜನಿಕ ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕ. ನನಗೆ ಬರುವ ಸಂಬಳ ಜನರ ತೆರಿಗೆಯ ಹಣ. ಅಂಥವನು ಸರಕಾರಿ ಸಂಸ್ಥೆಗಳ ಹೊರಗೆ ನಾಟಕ, ಸಂಗೀತ, ಸಾಹಿತ್ಯದ ಕೆಲಸ ಮಾಡುತ್ತ ಬಂದ ಸಂಘಗಳ ಬಗ್ಗೆ ಮಾತನಾಡಲು ಹೊರಟಿದ್ದೇನೆ. ಆದರೆ ಈ ವಿಷಯ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಕಾಡುವುದಕ್ಕೆ ಕಾರಣವಿದೆ. ಅಂಥದೊಂದು ಸಣ್ಣ ಸಂಘವನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಅದು ಮುಳುಗಿದ್ದಕ್ಕೆ ಕಾರಣನಾದವನೂ ನಾನೇ.

ನನ್ನ ಊರು ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿ. ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹುಮನಾಬಾದಿಗೆ ಮುಂಚೆ ಸಿಗುವ ಊರು. ಬೀದರಿನಿಂದ ಬರುವ ರಸ್ತೆ ಅಲ್ಲಿ ಹೆದ್ದಾರಿಯನ್ನು ಕೂಡುತ್ತದೆ. ಆ ಕೂಡುರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ನಮ್ಮ ಕಡೆ ಭಜನೆ ಇದೆ, ತತ್ವಪದ ಇದೆ, ಮೊಹರಮ್ಮಿನ ಪದಗಳಿವೆ, ಹೆಣ್ಣುಮಕ್ಕಳ ಬುಲಾಯಿ ಪದಗಳಿವೆ. ಇವಾವನ್ನೂ ಯಾವ ಇಲಾಖೆಯೂ ಹುಟ್ಟಿಸಲಿಲ್ಲ. ಆದರೆ ಒಬ್ಬರಿಗೊಬ್ಬರು ಸೇರಿ, ಲೆಕ್ಕ ಇಟ್ಟು, ವರ್ಷ ವರ್ಷ ತಪ್ಪದೆ ನಡೆಸುವ ಸಂಘ ಎಂಬುದು ಬೇರೆಯೇ ಒಂದು ವಸ್ತು. ಹಾಡು ತಾನಾಗಿ ಹುಟ್ಟೀತು; ಸಂಘವನ್ನು ಮಾತ್ರ ಕಟ್ಟಬೇಕಾಗುತ್ತದೆ.

1997ರಲ್ಲಿ ನಾವು ಒಂಬತ್ತು ಜನ ಹುಡುಗರು ಸೇರಿ ವರ್ಷಕ್ಕೊಂದು ನಾಟಕ ಆಡಲು ತೊಡಗಿದೆವು. ಬೇಳೆ ಗಿರಣಿಯೊಂದರ ಹಿಂದಿನ ಗೋದಾಮು ನಮ್ಮ ತಾಲೀಮಿನ ಮನೆ. ಪರದೆಗಳನ್ನು ಬಾಡಿಗೆಗೆ ತರುತ್ತಿದ್ದೆವು. ಪಕ್ಕದ ಹಳ್ಳಿಯಿಂದ ಪೇಟಿ ಮಾಸ್ತರರೊಬ್ಬರು ಸೈಕಲ್ ಮೇಲೆ ಬಂದು ಹಾಡು ಕಲಿಸುತ್ತಿದ್ದರು. ಖರ್ಚಿಗೆ ಪಟ್ಟಿ ಎತ್ತುತ್ತಿದ್ದೆವು. ಮನೆಗೆ ಎರಡು ರೂಪಾಯಿ. ಅಂಗಡಿಯವರು ಐವತ್ತೋ ನೂರೋ ಕೊಡುವರು. ಕೈಯಲ್ಲಿ ರೊಕ್ಕ ಇಲ್ಲದವರು ಒಂದು ಸೇರು ಜೋಳ ಹಾಕುವರು. ಆ ಜೋಳ ತಾಲೀಮಿನ ರಾತ್ರಿಗಳ ರೊಟ್ಟಿಗೆ ಆಗುತ್ತಿತ್ತು. ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ. ಲೆಕ್ಕ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಖಜಾಂಚಿ ಮಾಡಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ವರ್ಷ ಯಾರೋ ಹಿರಿಯರು ಹೇಳಿಕೊಟ್ಟರೆಂದು ಅರ್ಜಿ ಹಾಕಿದೆವು; 5,000 ರೂಪಾಯಿ ಅನುದಾನ ಬಂತು. ನಾವು ಓಣಿ ಓಣಿ ತಿರುಗಿ ಎತ್ತುತ್ತಿದ್ದುದು ಅದರ ಅರ್ಧವೂ ಆಗುತ್ತಿರಲಿಲ್ಲ. ಸಭೆಯಲ್ಲಿ ನಾನೇ ಎದ್ದು ಹೇಳಿದೆ: "ಇನ್ನು ಮನೆಮನೆ ತಿರುಗುವ ಕೆಲಸ ಬೇಡ. ಎರಡೆರಡು ರೂಪಾಯಿಗೆ ಬಾಗಿಲು ಬಡಿಯುವುದು ಮರ್ಯಾದೆಯಲ್ಲ." ಎಲ್ಲರೂ ಒಪ್ಪಿದರು. ಮುಂದಿನ ವರ್ಷವೂ ಅನುದಾನ ಬಂತು. ಅದರ ಮುಂದಿನ ವರ್ಷ ಬರಲಿಲ್ಲ. ಅದರಲ್ಲಿ ಕಚೇರಿಯ ತಪ್ಪೇನೂ ಇರಲಿಲ್ಲ. ಹಿಂದಿನ ಹಣ ಖರ್ಚಾದ ಲೆಕ್ಕಪತ್ರವನ್ನು ಹೊತ್ತಿಗೆ ಸರಿಯಾಗಿ ಕಳಿಸಬೇಕಾಗಿದ್ದವನು ನಾನು, ಕಳಿಸಿರಲಿಲ್ಲ. ಪರೀಕ್ಷೆ ಎಂಬ ನೆಪವಿತ್ತು.

ಆಗ ಮತ್ತೆ ಪಟ್ಟಿ ಪುಸ್ತಕ ಹಿಡಿದು ಹೊರಟೆವು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮೊದಲ ಎರಡು ವರ್ಷ ನಾವು ಹೋಗುವ ಮೊದಲೇ ಎರಡು ರೂಪಾಯಿ ಸೆರಗಿನ ಗಂಟಿನಲ್ಲಿ ತೆಗೆದಿಟ್ಟಿರುತ್ತಿದ್ದರು. ಈ ಸಲ ಅವರು ನಮ್ಮನ್ನು ಕೂಡಿಸಿ, ನೀರು ಕೊಟ್ಟು, ಹೀಗೆ ಅಂದರು: "ಎರಡು ವರ್ಷ ಆಯ್ತಲ್ಲ ತಮ್ಮಾ, ನೀವ್ಯಾರೂ ಈ ಕಡಿ ಬರ್ಲೇ ಇಲ್ಲ. ನಾಟಕ ಈಗ ಸರಕಾರದ್ದಾಗ್ಯಾದ ಅಂತ ತಿಳ್ಕೊಂಡಿದ್ದೆ. ಸರಕಾರದ ನಾಟಕಕ್ಕ ನಾ ಯಾಕ ರೊಕ್ಕ ಕೊಡ್ಲಿ?"

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ಆ ವರ್ಷ ಪಟ್ಟಿ ಕೂಡಲಿಲ್ಲ. ನಾಟಕ ಆಗಲಿಲ್ಲ. ಮುಂದೆಂದೂ ಆಗಲಿಲ್ಲ. ಎರಡು ರೂಪಾಯಿ ಎಂದರೆ ಬರೀ ಎರಡು ರೂಪಾಯಿ ಎಂದು ನಾನು ಲೆಕ್ಕ ಹಾಕಿದ್ದೆ. ಅದು "ಈ ನಾಟಕ ನನ್ನದು" ಎಂದು ಅವರು ಹಾಕುತ್ತಿದ್ದ ರುಜು ಎಂಬುದು ನನಗೆ ತಿಳಿಯಲಿಲ್ಲ. ಇಂದಿನ ಮಾತಿಗೆಲ್ಲ ಈ ಎರಡು ರೂಪಾಯಿಯೇ ಮೂಲ.

ಈಗ ನಾವು ನಮ್ಮ ಜಿಲ್ಲೆಯ ಇತಿಹಾಸದ ಕಡೆ ಸ್ವಲ್ಪ ತಿರುಗೋಣ. ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ, ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದಿನ ಜೊತೆಗಿದ್ದವು. 1948ರವರೆಗೆ ಅಲ್ಲಿ ನಿಜಾಮರ ಆಳ್ವಿಕೆ. ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದುವೇ. ಉರ್ದು ಶ್ರೀಮಂತವಾದ ಭಾಷೆ. ನಮ್ಮ ಮನೆಮಾತುಗಳಲ್ಲಿ ಅದೂ ಒಂದು. ಆದರೆ ಕನ್ನಡದ ಮಗು ಕನ್ನಡದಲ್ಲಿ ಓದುವುದಕ್ಕೆ ಸರಕಾರದ ಆಸರೆ ಇರಲಿಲ್ಲ ಎಂಬುದು ಮಾತ್ರ ನಿಜ. ಸಭೆ ಸೇರಬೇಕಾದರೆ ಮುಂಚೆ ಅನುಮತಿ ಪಡೆಯಬೇಕೆಂದು ಹೇಳುವ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆಯೂ ಇತ್ತು.

ಇಂಥ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದೇವರು ಒಂದು ಕೆಲಸ ಮಾಡಿದರು. ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಭಿಕ್ಷೆ ಎತ್ತಿ ಬಡ ಮಕ್ಕಳಿಗೆ ಊಟ, ವಸತಿ ಒದಗಿಸಿದರು. 1999ರಲ್ಲಿ ಅವರು ತೀರಿಕೊಂಡಾಗ ನೂರರ ಪ್ರಾಯ ದಾಟಿತ್ತು. ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡ ಎದ್ದಿದ್ದರ ಹಿಂದೆಯೂ ಅವರ ಅನೇಕ ವರ್ಷಗಳ ಪರಿಶ್ರಮ, ಭಕ್ತರ ಕಾಣಿಕೆ ಇವೆ. ಅದೇ ಊರಿನಲ್ಲಿ 2021ರ ಜನವರಿಯಲ್ಲಿ ನೂತನ ಅನುಭವ ಮಂಟಪಕ್ಕೆ ರಾಜ್ಯ ಸರಕಾರವೇ ಅಡಿಗಲ್ಲು ಹಾಕಿತು. ಎರಡಕ್ಕೂ ಸ್ಥಳವಿದೆ. ಆದರೆ ಮೊದಲನೆಯದು ಇಲ್ಲದಿದ್ದರೆ ಎರಡನೆಯದರ ಆಲೋಚನೆ ಯಾರಿಗೆ ಬರುತ್ತಿತ್ತು ಎಂದು ನೀವೇ ವಿಚಾರ ಮಾಡಿ.

ಸಾಹಿತ್ಯದ ಕ್ಷೇತ್ರದಲ್ಲೂ ಹೀಗೆಯೇ ಆಯಿತು. ನಿಜಾಮರ ಆಳ್ವಿಕೆಯಿದ್ದಾಗಲೇ 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ.ಶ್ರೀಯವರ ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. ಇನ್ನೂ ಹಿಂದೆ ಹೋದರೆ, ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡದಲ್ಲಿ 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಆಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಹೀಗೆ ನೋಡಿದರೆ ನಮ್ಮಲ್ಲಿ ಸಂಘಗಳು ಸರಕಾರದ ಹೊರಗೆ ಹುಟ್ಟಿದ್ದು ಹಟದಿಂದ ಅಲ್ಲ, ಅನಿವಾರ್ಯದಿಂದ. ರಾಜ್ಯ ಆಮೇಲೆ ಬಂತು; ಸಂಘ ಮೊದಲು ಬಂತು.

ಸಂಗೀತಕ್ಕೂ ನಮ್ಮ ಕಡೆಯೇ ಒಂದು ನಿದರ್ಶನವಿದೆ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದೆ. 1817ರಿಂದ 1865ರವರೆಗೆ ಬಾಳಿದ ಮಾಣಿಕಪ್ರಭುಗಳು ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ದತ್ತ ಜಯಂತಿಯ ದಿನಗಳಲ್ಲಿ ಅಲ್ಲಿ ಸಂಗೀತ ದರ್ಬಾರು ನಡೆಯುತ್ತದೆ. ಹಿಂದುಸ್ತಾನಿ ಸಂಗೀತವನ್ನು ದೊಡ್ಡ ಊರಿನ ಸಭಾಗೃಹದಲ್ಲಿ ಟಿಕೆಟು ಕೊಂಡು ಕೇಳಬೇಕು ಎಂದು ತಿಳಿದಿರುವವರಿಗೆ, ನೆಲದ ಮೇಲೆ ಕುಳಿತು ಕೇಳುವ ಆ ಜನರನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ಸಂಗೀತ ನಡೆಯುವುದು ಭಕ್ತರ ಶ್ರದ್ಧೆಯ ಬಲದ ಮೇಲೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ್ದು ಇನ್ನೊಂದು ದಾರಿ. ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು ಅಲ್ಲಿ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸಿ, ಊಟ ಹಾಕಿ ಬೆಳೆಸಿದರು. ಅಷ್ಟು ಬಾಯಿಗಳಿಗೆ ಅನ್ನ ಎಲ್ಲಿಂದ? ಕಾಣಿಕೆ ಸಾಲದೆ ಹೋದಾಗ ಆಶ್ರಮವೇ ನಾಟಕ ಕಂಪನಿ ಕಟ್ಟಿತು. ಊರೂರು ತಿರುಗಿ ಆಡಿದ ನಾಟಕದ ಉತ್ಪನ್ನ ಆಶ್ರಮದ ಒಲೆ ಹೊತ್ತಿಸಿತು. ಪುಟ್ಟರಾಜ ಗವಾಯಿಗಳು ಕಂಪನಿಗಾಗಿ ಸ್ವತಃ ನಾಟಕಗಳನ್ನು ಬರೆದರು. ಇಲ್ಲಿ ಕಲೆಯೇ ಕಲೆಯನ್ನು ಸಾಕಿತು.

ಈಗ ನಿಮ್ಮನ್ನು ನಮ್ಮ ಬಯಲುಸೀಮೆಯಿಂದ ಮಲೆನಾಡಿಗೆ ಕರೆದೊಯ್ಯುತ್ತೇನೆ. ಕನ್ನಡದಲ್ಲಿ ಸ್ವತಂತ್ರ ಕಲಾಸಂಸ್ಥೆ ಎಂದೊಡನೆ ಮೊದಲು ನೆನಪಾಗುವ ಹೆಸರು ಅಲ್ಲಿದೆ. ಶಿವಮೊಗ್ಗ ಜಿಲ್ಲೆ, ಸಾಗರ ತಾಲೂಕು, ಅಡಿಕೆ ತೋಟಗಳ ನಡುವಿನ ಹೆಗ್ಗೋಡು ಎಂಬ ಹಳ್ಳಿ. 1949ರಲ್ಲಿ ಅಲ್ಲಿನ ಕೆಲವರು ಸೇರಿ 'ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ'ವನ್ನು ಕಟ್ಟಿದರು. ಉದ್ದ ಹೆಸರಿನ ಮೊದಲಕ್ಷರಗಳು ಕೂಡಿ 'ನೀನಾಸಂ' ಆಯಿತು. ಈ ಸಂಘಕ್ಕೆ ದೃಷ್ಟಿಯನ್ನೂ ದೀರ್ಘಾಯುಷ್ಯವನ್ನೂ ಕೊಟ್ಟ ಕೆ.ವಿ. ಸುಬ್ಬಣ್ಣನವರಿಗೆ ಆಗ ಹದಿನೇಳರ ಆಸುಪಾಸಿನ ವಯಸ್ಸು. ಅಂದರೆ ಸರಿಸುಮಾರು ನಿಮ್ಮ ವಯಸ್ಸು.

ಮೊದಲ ಇಪ್ಪತ್ತು ವರ್ಷ ನೀನಾಸಂ ಊರಿನ ಹವ್ಯಾಸಿ ನಾಟಕದ ಸಂಘವಾಗಿಯೇ ಇತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಾವು ದೊಡ್ಡ ಸಂಸ್ಥೆಗಳನ್ನು ನೋಡುವಾಗ ಅವು ಹುಟ್ಟಿದಾಗಲೇ ದೊಡ್ಡವಾಗಿದ್ದವು ಎಂದುಕೊಳ್ಳುತ್ತೇವೆ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದು ನಿಂತಿತು. 1973ರಲ್ಲಿ ಚಿತ್ರಸಮಾಜ ಆರಂಭವಾಯಿತು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಇವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನ ಕೂತು ನೋಡಿದರು. ಜಪಾನಿ ಭಾಷೆಯ ಚಿತ್ರ ಹಳ್ಳಿಯವರಿಗೆ ತಿಳಿಯುವುದೇ ಎಂದು ಕೇಳಿದವರಿದ್ದರು. ತಿಳಿಯಿತು. ಚಿತ್ರದ ಮೊದಲು ವಿವರಣೆ, ಚಿತ್ರದ ಆಮೇಲೆ ಮಾತುಕತೆ ಇತ್ತು. ಪ್ರೇಕ್ಷಕರನ್ನು ಸಣ್ಣವರೆಂದು ಕಾಣುವ ಅಭ್ಯಾಸ ಮಾತ್ರ ಇರಲಿಲ್ಲ.

1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಒಂದು ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ, ನಾಟಕ ಕಲಿಸುವ ಶಾಲೆ. ಚಿದಂಬರರಾವ್ ಜಂಬೆಯವರು ಅದರ ಮೊದಲ ಪ್ರಾಂಶುಪಾಲರು. 1985ರಲ್ಲಿ 'ತಿರುಗಾಟ' ಹೊರಟಿತು. ಇದರ ಕೆಲಸದ ಬಗೆಯನ್ನು ನೀವು ಗಮನಿಸಬೇಕು. ನಟರು ಕೆಲವು ತಿಂಗಳು ತಾಲೀಮು ನಡೆಸಿ ನಾಟಕಗಳನ್ನು ಸಿದ್ಧಪಡಿಸುತ್ತಾರೆ. ಆಮೇಲೆ ರಂಗಪರಿಕರ, ದೀಪ, ವೇಷಭೂಷಣ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಜಿಲ್ಲೆಯಿಂದ ಜಿಲ್ಲೆಗೆ ಹೋಗುತ್ತಾರೆ. ನಟರೇ ಪೆಟ್ಟಿಗೆ ಇಳಿಸುವವರು, ನಟರೇ ರಂಗ ಕಟ್ಟುವವರು. ಪ್ರತಿ ಊರಿನಲ್ಲೂ ಒಂದು ಸ್ಥಳೀಯ ಸಂಘ ಅವರನ್ನು ಕರೆಯಬೇಕು. ಸಂಭಾವನೆ ಹೊಂದಿಸಬೇಕು, ಟಿಕೆಟು ಮಾರಬೇಕು, ಊಟ ವಸತಿ ನೋಡಿಕೊಳ್ಳಬೇಕು. ಅಂದರೆ ತಿರುಗಾಟ ನಡೆಯುವುದು ಒಂದು ಸಂಘದಿಂದಲ್ಲ. ಕರೆಯುವ ಊರುಗಳ ಹತ್ತಾರು ಸಣ್ಣ ಸಂಘಗಳಿಂದ. ಆ ಸಂಘಗಳ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಅವು ಇಲ್ಲದ ಊರಿನಲ್ಲಿ ಗಾಡಿ ನಿಲ್ಲುವುದಿಲ್ಲ.

1991ರಲ್ಲಿ ಸುಬ್ಬಣ್ಣನವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಅವರ ನಂತರವೂ ಸಂಸ್ಥೆ ನಡೆದಿದೆ. ನನ್ನ ದೃಷ್ಟಿಯಲ್ಲಿ ಪ್ರಶಸ್ತಿಗಿಂತ ಇದು ದೊಡ್ಡದು. ಏಕೆಂದರೆ ಕಟ್ಟಿದವನು ಹೋದ ಮೇಲೂ ಉಳಿಯುವುದೇ ಸಂಘದ ನಿಜವಾದ ಪರೀಕ್ಷೆ.

ಹಾಗಾದರೆ ನೀನಾಸಂ ಸರಕಾರದ ಹಣ ಮುಟ್ಟಲಿಲ್ಲವೆ? ಮುಟ್ಟಿತು. ಕೇಂದ್ರ, ರಾಜ್ಯ ಸರಕಾರಗಳ ಅನುದಾನ ಪಡೆಯಿತು. 1980ರ ದಶಕದಲ್ಲಿ 'ಜನಸ್ಪಂದನ' ಎಂಬ ಯೋಜನೆಗೆ ಫೋರ್ಡ್ ಪ್ರತಿಷ್ಠಾನದ ನೆರವನ್ನೂ ಪಡೆಯಿತು. ಹೀಗಿದ್ದೂ ಅದನ್ನು ಸ್ವತಂತ್ರ ಸಂಸ್ಥೆ ಎಂದು ಕರೆಯುತ್ತೇವೆ. ಇದು ಹೇಗೆ ಸರಿ? ಇಲ್ಲಿಯೇ ನಮ್ಮ ವಿಷಯದ ತಿರುಳಿದೆ.

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಆದ್ದರಿಂದ ನಿಮಗೆ ಗೊತ್ತಿರುವ ಒಂದು ಪಾಠದಿಂದ ಹೇಳುತ್ತೇನೆ. ಒಂದು ವಸ್ತು ಬೀಳದೆ ನಿಲ್ಲಬೇಕಾದರೆ ಅದರ ಗುರುತ್ವ ಕೇಂದ್ರದಿಂದ ಕೆಳಗೆ ಎಳೆದ ಲಂಬರೇಖೆ ತಳದ ಒಳಗೆ ಬೀಳಬೇಕು. ತಳ ಅಗಲವಾಗಿದ್ದಷ್ಟೂ ವಸ್ತು ಸ್ವಲ್ಪ ವಾಲಿದರೂ ಬೀಳುವುದಿಲ್ಲ. ತಳ ಕಿರಿದಾಗಿದ್ದರೆ ಬೆರಳು ತಾಗಿದರೂ ಉರುಳುತ್ತದೆ. ಸಂಘದ ತಳವೆಂದರೆ ಅದನ್ನು ತಮ್ಮದೆಂದು ಹಿಡಿದುಕೊಂಡಿರುವ ಜನ. ಊರಿನ ಚಂದಾ, ಟಿಕೆಟಿನ ಹಣ, ಗೆಳೆಯರ ದೇಣಿಗೆ, ಪುಸ್ತಕ ಮಾರಾಟ, ದುಡಿಮೆಯ ನೆರವು, ಅನುದಾನ ಇವೆಲ್ಲ ಸೇರಿದಾಗ ತಳ ಅಗಲವಾಗುತ್ತದೆ. ನಮ್ಮ ಮನ್ನಾಏಖೇಳ್ಳಿಯ ಸಂಘಕ್ಕೆ ಒಂಬತ್ತು ಜನರ ಕೆಳಗೆ ನಾಲ್ಕು ಓಣಿಗಳ ತಳವಿತ್ತು. ನಾನು ಖಜಾಂಚಿಯಾಗಿ ಮಾಡಿದ ಕೆಲಸವೆಂದರೆ, ಆ ತಳವನ್ನು ಕಿತ್ತು ಹಾಕಿ ಒಂದೇ ಗೂಟದ ಮೇಲೆ ಸಂಘವನ್ನು ನಿಲ್ಲಿಸಿದ್ದು. ಗೂಟ ಕದಲಿದ ದಿನ ಅದು ಉರುಳಿತು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾದಿಂದ ದೇಶವೆಲ್ಲ ಬಾಗಿಲು ಹಾಕಿ, ಪ್ರದರ್ಶನಗಳು ತಿಂಗಳುಗಟ್ಟಲೆ ನಿಂತಾಗಲೂ ಇದೇ ಪಾಠ ಕಾಣಿಸಿತು. ಬರೀ ಟಿಕೆಟಿನ ಮೇಲೆ ನಿಂತವರೂ ಕಷ್ಟಪಟ್ಟರು. ಗೂಟ ಸರಕಾರದ್ದಾದರೇನು, ಮಾರುಕಟ್ಟೆಯದಾದರೇನು, ಒಂದೇ ಆದರೆ ಅಪಾಯವೇ.

ಇನ್ನೊಂದು ಪ್ರಶ್ನೆ, ತೀರ್ಮಾನ ಯಾರದು ಎಂಬುದು. ಈ ವರ್ಷ ಯಾವ ನಾಟಕ ಆಡಬೇಕು, ಯಾರನ್ನು ಕರೆಯಬೇಕು, ಯಾವ ಮಾತನ್ನು ಬಿಡಬಾರದು ಎಂದು ಹೇಳುವವರು ಸಂಘದ ಸದಸ್ಯರೋ, ಹಣ ಕೊಟ್ಟವರೋ? ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, 1946ರಲ್ಲಿ, ಕಲಾ ಮಂಡಲಿಯೊಂದನ್ನು ಸ್ಥಾಪಿಸಿದರು. ಅದಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖರು ಅರ್ಥಶಾಸ್ತ್ರಜ್ಞ ಕೇನ್ಸ್. ಸರಕಾರ ಹಣ ಕೊಡಬೇಕು, ಆದರೆ ಯಾವ ಕಲಾವಿದನಿಗೆ ಎಷ್ಟು ಎಂಬುದನ್ನು ಮಂತ್ರಿಗಳು ನಿರ್ಧರಿಸಬಾರದು, ಒಂದು ತೋಳಿನಷ್ಟಾದರೂ ದೂರ ಇರಬೇಕು ಎಂಬುದು ಅದರ ಹಿಂದಿನ ತತ್ವ. ನಮ್ಮ ದೇಶದಲ್ಲೂ ಸಂಗೀತ ನಾಟಕ ಅಕಾಡೆಮಿ, 1954ರಲ್ಲಿ ಆರಂಭವಾದ ಸಾಹಿತ್ಯ ಅಕಾಡೆಮಿ ಇವುಗಳನ್ನು ಸ್ವಾಯತ್ತ ಸಂಸ್ಥೆಗಳಾಗಿ ರೂಪಿಸಿದ್ದರ ಹಿಂದೆ ಇಂಥ ವಿಚಾರವೇ ಇತ್ತು. ನಾನು ದುಡಿಯುವ ಕ್ಷೇತ್ರಕ್ಕೂ ಇದು ಹೊರತಲ್ಲ. ಆಕಾಶವಾಣಿ, ದೂರದರ್ಶನಗಳನ್ನು ಸರಕಾರದ ನೇರ ಹಿಡಿತದಿಂದ ಬಿಡಿಸಬೇಕೆಂದು 1990ರಲ್ಲಿ ಪ್ರಸಾರ ಭಾರತಿ ಕಾಯಿದೆ ಆಯಿತು. 1997ರಲ್ಲಿ ನಿಗಮ ಜಾರಿಗೆ ಬಂತು. ಆ ದೂರ ಎಷ್ಟಿರಬೇಕು ಎಂಬ ಚರ್ಚೆ ಮಾತ್ರ ಮುಗಿದಿಲ್ಲ. ಮುಗಿಯಲೂಬಾರದು.

ಹೊರಗಿನವರು ಏನು ಮಾಡಬಲ್ಲರು ಎಂಬುದಕ್ಕೆ ಅದೇ ನಾಡಿನದೇ ಒಂದು ಪ್ರಸಂಗ ಹೇಳುತ್ತೇನೆ. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ದೊಡ್ಡ ಕಲೋತ್ಸವವೊಂದು ಏರ್ಪಾಡಾಯಿತು. ಅದಕ್ಕೆ ಎಂಟು ನಾಟಕ ತಂಡಗಳಿಗೆ ಆಹ್ವಾನವಿರಲಿಲ್ಲ. ಅವರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಅದೇ ದಿನಗಳಲ್ಲಿ ಅದೇ ಸೀಮೆಯಲ್ಲಿ ಸಿಕ್ಕ ಜಾಗಗಳಲ್ಲಿ ತಮ್ಮ ನಾಟಕ ಆಡಿದರು. ಉತ್ಸವದ ಅಂಚಿನಲ್ಲಿ ಹುಟ್ಟಿದ ಆ ಪದ್ಧತಿ ಇಂದು 'ಫ್ರಿಂಜ್' ಎಂಬ ಹೆಸರಿನಿಂದ ಜಗತ್ತಿನ ಅತಿ ದೊಡ್ಡ ಕಲೋತ್ಸವಗಳಲ್ಲಿ ಒಂದಾಗಿದೆ. ಎಡಿನ್‌ಬರೊದ ಎಂಟು ತಂಡಗಳಿಗೂ ಎರಡು ವರ್ಷದ ಬಳಿಕ ಹೆಗ್ಗೋಡಿನಲ್ಲಿ ಕೂಡಿದವರಿಗೂ ಪರಸ್ಪರ ಪರಿಚಯವಿಲ್ಲ. ಆದರೆ ಇಬ್ಬರೂ ಕರೆಗಾಗಿ ಕಾಯಲಿಲ್ಲ.

ಇದನ್ನೆಲ್ಲ ಕೇಳಿ ಸರಕಾರಿ ಸಂಸ್ಥೆಗಳು ಬೇಡವೆಂದು ನಾನು ಹೇಳುತ್ತಿದ್ದೇನೆ ಎಂದು ಭಾವಿಸಬೇಡಿ. ಸಂಘಗಳಿಂದಾಗದ ಕೆಲಸಗಳಿವೆ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾಗಿ ನಟರಿಗೆ ತಿಂಗಳ ಸಂಬಳದ ಭದ್ರತೆ ಸಿಕ್ಕಿದ್ದು ಸರಕಾರದಿಂದ. ಹಳೆಯ ಧ್ವನಿಮುದ್ರಣಗಳನ್ನು ದಶಕಗಟ್ಟಲೆ ಕಾಪಾಡುವುದು, ದೊಡ್ಡ ಗ್ರಂಥಾಲಯ ನಡೆಸುವುದು, ಮುಪ್ಪಿನ ಕಲಾವಿದರಿಗೆ ಮಾಸಾಶನ ಕೊಡುವುದು ಚಂದಾ ಹಣದಿಂದ ಆಗುವುದಲ್ಲ. ತಂತ್ರಜ್ಞಾನದಲ್ಲೂ ಅಷ್ಟೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ ಪ್ರಯೋಗ ನಡೆಯಿತು. ನಮ್ಮ ನೆರೆಯ ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಇದು ರಾಷ್ಟ್ರದ ಶಕ್ತಿಯಿಂದ ಮಾತ್ರ ಸಾಧ್ಯ. ಆದರೆ ಆ ಉಪಗ್ರಹ ಆಕಾಶದಿಂದ ಹಳ್ಳಿಗೆ ಚಿತ್ರ ಇಳಿಸಬಲ್ಲದೇ ಹೊರತು, ಚಿತ್ರ ಮುಗಿದ ಮೇಲೆ ಹತ್ತು ಜನರನ್ನು ಕೂರಿಸಿ ಮಾತಿಗೆ ಹಚ್ಚಲಾರದು. ಆ ಕೊನೆಯ ಹತ್ತು ಗಜದ ಕೆಲಸ ಊರವರದು. ಕಾರ್ಯಕ್ರಮ ನಿರ್ಮಾಪಕನಾಗಿ ಇಷ್ಟು ವರ್ಷ ದುಡಿದ ಮೇಲೆ ನನಗೆ ಮನವರಿಕೆಯಾದ ಸತ್ಯ ಇದು.

ಸಂಘಗಳ ದೋಷಗಳನ್ನೂ ಮುಚ್ಚಿಡುವುದು ಸರಿಯಲ್ಲ. ಎಷ್ಟೋ ಸಂಘಗಳು ಒಬ್ಬ ವ್ಯಕ್ತಿಯ ನೆರಳಿನಲ್ಲೇ ಬದುಕಿ ಆತನೊಂದಿಗೆ ಮುಗಿಯುತ್ತವೆ. ಕೆಲವು ಒಂದು ಮನೆತನದ, ಒಂದು ಜಾತಿಯ ಹಿಡಿತದಲ್ಲಿ ಉಳಿಯುತ್ತವೆ. ಲೆಕ್ಕ ಕೇಳಿದರೆ ಮುಖ ಕೆಂಪಾಗುತ್ತದೆ. ನಮ್ಮ ಒಂಬತ್ತು ಜನರಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಹೆಣ್ಣಿನ ಪಾತ್ರಗಳನ್ನು ನಾವೇ ಮಾಡುತ್ತಿದ್ದೆವು. ನಮ್ಮ ಅಕ್ಕತಂಗಿಯರು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ನಗುತ್ತಿದ್ದರು. ಊರಿನ ಅರ್ಧದಷ್ಟು ಜನರನ್ನು ಹೊರಗಿಟ್ಟು "ಇದು ಊರಿನ ನಾಟಕ" ಎಂದು ಹೇಳಿಕೊಳ್ಳುತ್ತಿದ್ದೆವು ಎಂಬುದು ಆಗ ಹೊಳೆಯಲೇ ಇಲ್ಲ. ಸರಕಾರಿ ಸಂಸ್ಥೆಯಾದರೆ ಎಲ್ಲರಿಗೂ ಬಾಗಿಲು ತೆರೆದಿಡಬೇಕೆಂಬ ನಿಯಮವಾದರೂ ಇರುತ್ತದೆ. ಸ್ವತಂತ್ರ ಸಂಘ ಆ ನಿಯಮವನ್ನು ತಾನೇ ತನಗೆ ಹಾಕಿಕೊಳ್ಳಬೇಕು. ಸ್ವಾತಂತ್ರ್ಯದ ಜೊತೆಗೆ ಬರುವ ಹೊಣೆ ಇದು.

ಕೊನೆಯದಾಗಿ, ನಿಮಗೆ ಉಪಯೋಗವಾಗುವ ನಾಲ್ಕು ಮಾತು.

ನಿಮ್ಮಲ್ಲಿ ಯಾರಾದರೂ ಒಂದು ಓದುಗರ ಬಳಗವನ್ನೋ, ನಾಟಕದ ತಂಡವನ್ನೋ, ಚಿತ್ರ ನೋಡುವ ಕೂಟವನ್ನೋ ಆರಂಭಿಸಬೇಕೆಂದಿದ್ದರೆ ಮೊದಲು ಕೆಲಸ ಆರಂಭಿಸಿ; ನೋಂದಣಿ ಆಮೇಲೆ. ತಿಂಗಳಿಗೊಂದು ಸಂಜೆ ಸಾಕು. ಒಂದು ವರ್ಷ ತಪ್ಪದೆ ನಡೆದರೆ ಅದಕ್ಕೆ ಜೀವವಿದೆ ಎಂದು ತಿಳಿಯಿರಿ. ಆಗ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ ನೋಂದಾಯಿಸಬಹುದು. ಅದಕ್ಕೆ ಕನಿಷ್ಠ ಏಳು ಮಂದಿ ವಯಸ್ಕರು ಬೇಕು. ಸಂಘದ ಉದ್ದೇಶ, ನಿಯಮಾವಳಿ ಬರೆಯಬೇಕು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಇದು ಬರೀ ಕಾಗದದ ಕೆಲಸ ಎಂದು ತಾತ್ಸಾರ ಮಾಡಬೇಡಿ. ಒಬ್ಬನ ಸಂಘ ಎಲ್ಲರ ಸಂಘವಾಗುವುದು ಆ ಸಭೆಯಲ್ಲಿ.

ಎರಡನೆಯದು, ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಇಡಿ. ನಾಟಕದ ಮರುದಿನ ಒಂದು ಹಾಳೆಯಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬರೆದು ಹೋಟೆಲಿನ ಗೋಡೆಗೆ ಅಂಟಿಸಿದರೆ ಸಾಕು. ಮುಂದಿನ ವರ್ಷ ಪಟ್ಟಿ ಎತ್ತುವಾಗ ಅದರ ಬೆಲೆ ತಿಳಿಯುತ್ತದೆ.

ಮೂರನೆಯದು, ಅನುದಾನ ಸಿಕ್ಕರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಅದು ಜನರದೇ ಹಣ. ಕೇಳುವ ಹಕ್ಕು ನಿಮಗಿದೆ. ಖರ್ಚಿನ ಲೆಕ್ಕಪತ್ರವನ್ನು ಗಡುವಿನೊಳಗೆ ಕಳಿಸಿ. ಆ ಹಣದಿಂದ ಪರದೆ ಕೊಳ್ಳಿ, ದೀಪ ಕೊಳ್ಳಿ, ಪುಸ್ತಕ ಕೊಳ್ಳಿ; ವರ್ಷವೂ ಉಳಿಯುವಂಥದನ್ನು ಮಾಡಿಕೊಳ್ಳಿ. ಆದರೆ ಮನೆಮನೆಯ ಚಂದಾವನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ನಾಲ್ಕನೆಯದು, ನಿಮ್ಮ ಊರಿನಲ್ಲಿ ಈಗಾಗಲೇ ನಡೆಯುತ್ತಿರುವುದನ್ನು ಮೊದಲು ಹೋಗಿ ನೋಡಿ. ಗುಡಿಯ ಭಜನೆಯ ಮೇಳ, ಮೊಹರಮ್ಮಿನ ಪದ ಹಾಡುವವರು, ಬುಲಾಯಿ ಹಾಡುವ ಅಜ್ಜಿಯರು ಇವರೆಲ್ಲ ನಿಮಗಿಂತ ಮೊದಲೇ ಅನುದಾನವಿಲ್ಲದೆ ಸಂಘ ನಡೆಸಿದವರು. ಅವರಿಂದ ಕಲಿಯುವುದು ಬಹಳವಿದೆ. ನಾಲ್ಕು ಭಾಷೆಯ ನಮ್ಮಂಥ ಊರಿನಲ್ಲಿ ಸಂಘವೊಂದು ಹುಟ್ಟಿದರೆ ಆ ನಾಲ್ಕೂ ಭಾಷೆಯವರಿಗೆ ಅದರಲ್ಲಿ ಕೂರಲು ಜಾಗವಿರಲಿ.

ನಮ್ಮ ಸಂಘದ ಪಟ್ಟಿ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. ಮೊದಲ ಎರಡು ವರ್ಷದ ಹಾಳೆಗಳಲ್ಲಿ ಹೆಸರುಗಳು ತುಂಬಿವೆ. ಕೆಲವರ ಮುಂದೆ ರೂಪಾಯಿ, ಕೆಲವರ ಮುಂದೆ 'ಒಂದು ಸೇರು ಜೋಳ', ಒಂದಿಬ್ಬರ ಮುಂದೆ 'ಪರದೆ ಕಟ್ಟಲು ಬರುತ್ತಾರೆ' ಎಂದು ನನ್ನದೇ ಅಕ್ಷರದಲ್ಲಿದೆ. ಆಮೇಲಿನ ಎರಡು ವರ್ಷಕ್ಕೆ ಒಂದೊಂದೇ ಸಾಲು: ಅನುದಾನ, 5,000. ಲೆಕ್ಕದ ದೃಷ್ಟಿಯಿಂದ ಆ ಎರಡು ವರ್ಷ ನಾವು ಶ್ರೀಮಂತರಾಗಿದ್ದೆವು. ಹಾಳೆ ಮಾತ್ರ ಖಾಲಿ. ಖಾಲಿ ಹಾಳೆ ಏನು ಹೇಳುತ್ತಿತ್ತು ಎಂದು ಓದುವುದಕ್ಕೆ ಬಿ.ಎಸ್ಸಿ.ಯ ಗಣಿತ ನನಗೆ ಸಾಲಲಿಲ್ಲ. ನೀವು ಖಜಾಂಚಿಗಳಾದಾಗ ಹೆಸರುಗಳನ್ನೂ ಎಣಿಸುವುದನ್ನು ಮರೆಯಬೇಡಿ.